ನಿಲ್ಲುವ ನೆರಿಗೆ: ಕುಣಿತದ ಉಡುಗೆಯೊಂದರ ಚರಿತ್ರೆ

ಕೆಲವು ವರ್ಷಗಳ ಹಿಂದೆ ಧರ್ಮಪುರಿ ಸೀಮೆಯ ಒಂದು ಪಾಠಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ಕಾರ್ಯಕ್ರಮಪತ್ರಿಕೆಯಲ್ಲಿ ‘ಹಂಸನೃತ್ಯ’ವೆಂದು ಒಂದು ಬಾಬು ಇದ್ದಿತು. ಪರದೆ ಸರಿದೊಡನೆ ಎಂಟು ಮಂದಿ ಹುಡುಗಿಯರು ಬಿಳಿಯ ಗಿಡ್ಡ ಲಂಗಗಳನ್ನು ತೊಟ್ಟು ರಂಗಕ್ಕೆ ಬಂದರು. ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಆ ಲಂಗಗಳು ಬಿಚ್ಚಿದ ಕೊಡೆಯಂತೆ ಸೊಂಟದ ಸುತ್ತ ನಿಲ್ಲಬೇಕಾಗಿದ್ದುವು. ಮೂರನೆಯ ಸುತ್ತಿಗೇ ಜೋಲುಬಿದ್ದುವು. ಹುಡುಗಿಯರು ಒಂದು ಕೈಯಲ್ಲಿ ರೆಕ್ಕೆ ಬೀಸುತ್ತ ಇನ್ನೊಂದು ಕೈಯಲ್ಲಿ ಲಂಗ ಹಿಡಿದುಕೊಂಡು ಹೇಗೋ ಆಟ ಮುಗಿಸಿದರು. ನಮ್ಮ ಬಲಕ್ಕೆ ಕುಳಿತಿದ್ದ ವೃದ್ಧರು ಮಗ್ಗದ ಮನೆಯವರು, ಪ್ರಾಯದಲ್ಲಿ ಕೂತ್ತಿನಲ್ಲಿ ವೇಷ ಕಟ್ಟಿದವರು. ಅವರು ಮೆಲ್ಲಗೆ, “ಬಟ್ಟೆ ತಾನಾಗಿ ನಿಲ್ಲೋದಿಲ್ಲ ಮೇಷ್ಟ್ರೇ, ಕಟ್ಟಿ ನಿಲ್ಲಿಸ್ಬೇಕು. ದುರ್ಯೋಧನನಿಗೆ ನಾವು ಕಟ್ತಿದ್ದುದು ಬೆಳಗಿನ ಜಾವದವರೆಗೂ ನಿಲ್ತಿತ್ತು” ಎಂದರು. ಎಡಕ್ಕೆ ಕುಳಿತಿದ್ದ ತರುಣ ಉಪಾಧ್ಯಾಯರು ಅದನ್ನು ಕೇಳಿ ನಕ್ಕು, “ತಾತ, ಇದು ಯೂರೋಪಿನ ಶಾಸ್ತ್ರೀಯ ನೃತ್ಯದ ಉಡುಪು, ಕೂತ್ತಿನ ಪಾವಡೆಗೂ ಇದಕ್ಕೂ ಏನು ಸಂಬಂಧ?” ಎಂದರು. ಮುದುಕರು ಸುಮ್ಮನಾದರು. ಆ ಮೌನವೇ ಪ್ರಕೃತ ಲೇಖನಕ್ಕೆ ಕಾರಣ.

ನೃತ್ಯದ ಉಡುಗೆಯ ವಿಷಯದಲ್ಲಿ ನಮ್ಮ ಉಪಾಧ್ಯಾಯ ವರ್ಗದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಸೊಂಟದ ಸುತ್ತ ಅಗಲವಾಗಿ ನಿಂತು ಸುತ್ತಿದಾಗ ಅರಳುವ ಉಡುಗೆ ಪಾಶ್ಚಾತ್ಯರದು ಎಂಬುದು ಒಂದು. ಇಂದು ನಾವು ಕಾಣುವ ಭರತನಾಟ್ಯದ ಬೀಸಣಿಗೆಯ ನೆರಿಗೆ ದೇವಾಲಯದ ಶಿಲ್ಪಗಳಷ್ಟು ಪ್ರಾಚೀನವಾದುದು ಎಂಬುದು ಇನ್ನೊಂದು. ಇಸವಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ. ಮೊದಲು ಯೂರೋಪಿನ ಕಥೆಯನ್ನು ನೋಡಿ ಆಮೇಲೆ ನಮ್ಮ ಸೀಮೆಗೆ ಬರೋಣ.

ಬ್ಯಾಲೆಯ ನರ್ತಕಿ ತೊಡುವ ಈ ಲಂಗಕ್ಕೆ ‘ಟುಟು’ ಎಂದು ಹೆಸರು. ಹೆಸರು ಹಳೆಯದಲ್ಲ, ಫ್ರೆಂಚ್ ಭಾಷೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದದ್ದು. ಉಡುಪು ಮಾತ್ರ ಅದಕ್ಕಿಂತ ಹಿಂದಿನದು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಪ್ಯಾರಿಸಿನ ರಂಗದ ಮೇಲೆ ಹೆಂಗಸರು ನೆಲ ಮುಟ್ಟುವ ಭಾರಿ ಉಡುಪುಗಳಲ್ಲಿಯೇ ಕುಣಿಯುತ್ತಿದ್ದರು. ಕಾಲು ಏನು ಮಾಡುತ್ತಿದೆಯೆಂಬುದು ಪ್ರೇಕ್ಷಕನಿಗೆ ಕಾಣಿಸುತ್ತಲೇ ಇರಲಿಲ್ಲ. ೧೭೨೬ರಲ್ಲಿ ಪ್ಯಾರಿಸಿನ ರಂಗವನ್ನೇರಿದ ಮಾರೀ ಕಾಮಾರ್ಗೋ ಎಂಬವಳು ಗಂಡಸರಂತೆಯೇ ನೆಗೆದು ಗಾಳಿಯಲ್ಲಿ ಪಾದಗಳನ್ನು ಹೆಣೆಯಬಲ್ಲವಳು. ತನ್ನ ಈ ವಿದ್ಯೆ ಕಾಣಿಸಬೇಕೆಂದು ಅವಳು ಲಂಗವನ್ನು ಹರಡಿನವರೆಗೆ ಮೇಲಕ್ಕೆ ಸರಿಸಿದಳು. ಕೆಲವೇ ಅಂಗುಲಗಳ ಮಾತು. ಆದರೆ ಅಂದು ಅದು ದೊಡ್ಡ ಚರ್ಚೆಗೆ ಎಡೆಯಾಯಿತು. ಉಡುಗೆ ವಿದ್ಯೆಯನ್ನು ಹಿಂಬಾಲಿಸಿ ಬದಲಾಗುತ್ತದೆಯೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಮುಂದೆ ನಮ್ಮ ಕಡೆಯ ಉಡುಗೆಗೂ ಇದೇ ನ್ಯಾಯ ಸಲ್ಲುತ್ತದೆ.

೧೮೩೨ರ ಮಾರ್ಚ್ ೧೨ರಂದು ಪ್ಯಾರಿಸಿನಲ್ಲಿ ‘ಲಾ ಸಿಲ್ಫೀಡ್’ ಎಂಬ ಬ್ಯಾಲೆ ಪ್ರಯೋಗವಾಯಿತು. ಮಾರೀ ತಾಲ್ಯೋನಿ ಅದರಲ್ಲಿ ಗಾಳಿಯ ಕನ್ನಿಕೆಯಾಗಿ ಕುಣಿದಳು. ಮೀನಖಂಡದ ನಡುವಿನವರೆಗೆ ಗಂಟೆಯಾಕಾರದಲ್ಲಿ ಇಳಿಬಿದ್ದ, ಪದರಪದರವಾದ ಬಿಳಿಯ ತೆಳು ಲಂಗ ಅವಳದು. ಎಜೆನ್ ಲಾಮಿ ಎಂಬ ಚಿತ್ರಕಾರ ಅದನ್ನು ಕಲ್ಪಿಸಿದನೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಬ್ಯಾಲೆಯೆಂದರೆ ಈ ಬಿಳಿಯ ಉಡುಪೇ ಎನ್ನುವಷ್ಟು ಅದು ರೂಢಿಯಾಯಿತು. ಅದರ ಬಟ್ಟೆ ಎಲ್ಲಿಯದು? ಹಗುರವಾದ ಹತ್ತಿಯ ಮಸ್ಲಿನ್ನನ್ನು ಯೂರೋಪು ಮೊದಲು ಕಂಡದ್ದು ಭಾರತದ ಮಗ್ಗದಲ್ಲಿ. ಆದರೆ ತಾಲ್ಯೋನಿಯ ಕಾಲಕ್ಕೆ ಇಂಗ್ಲೆಂಡಿನ ಯಂತ್ರಗಳು ಆ ಕೆಲಸವನ್ನು ಕೈಗೆತ್ತಿಕೊಂಡಿದ್ದುವು. ಜಾನ್ ಹೀತ್‌ಕೋಟ್ ಎಂಬವನು ೧೮೦೯ರಲ್ಲಿ ಬಲೆಯಂಥ ಬಟ್ಟೆಯನ್ನು ಹೆಣೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. ಅಲ್ಲಿಯವರೆಗೆ ಹೆಂಗಸರು ಬೆರಳಿನಿಂದ ಹೆಣೆಯುತ್ತಿದ್ದ ಬಲೆಬಟ್ಟೆ ಅಗ್ಗವಾಗಿ, ಮಾರುಗಟ್ಟಲೆ ದೊರೆಯತೊಡಗಿತು. ಫ್ರಾನ್ಸಿನ ಒಂದು ಊರಿನ ಹೆಸರಿನಿಂದ ಅದನ್ನು ‘ಟ್ಯೂಲ್’ ಎನ್ನುತ್ತಾರೆ. ಅಗ್ಗದ ಬಲೆಯಿಲ್ಲದಿದ್ದರೆ ಒಂದು ಲಂಗಕ್ಕೆ ಹತ್ತು ಹನ್ನೆರಡು ಪದರಗಳನ್ನಿಡುವುದು ಯಾರ ಕೈಯಿಂದಲೂ ಸಾಗುತ್ತಿರಲಿಲ್ಲ.

ಇಲ್ಲಿ ಒಂದು ಇಸವಿಯನ್ನು ಪಕ್ಕದಲ್ಲಿಟ್ಟು ನೋಡಬಯಸುತ್ತೇವೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ ಮತ್ತು ಬಾರಾಮಹಲ್ ಸೀಮೆಗಳು ಟಿಪ್ಪುವಿನ ಕೈತಪ್ಪಿ ಕಂಪೆನಿಗೆ ಸೇರಿದುವು. ರೀಡ್ ಕಲೆಕ್ಟರನಾಗಿ, ಥಾಮಸ್ ಮನ್ರೋ ಅವನ ಸಹಾಯಕನಾಗಿ ಭೂಮಿ ಅಳೆದು ಕಂದಾಯ ಕಟ್ಟಿದ ಕಥೆಯನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು. ಕಂದಾಯದಷ್ಟು ಪ್ರಸಿದ್ಧವಲ್ಲದ್ದು ಬಟ್ಟೆಯ ವ್ಯಾಪಾರ. ಕಂಪೆನಿಯ ವ್ಯಾಪಾರದ ರೆಸಿಡೆಂಟನೊಬ್ಬನು ಸೇಲಂನಲ್ಲಿದ್ದು, ನೇಕಾರರಿಗೆ ಮುಂಗಡ ಕೊಟ್ಟು ಬಟ್ಟೆಯನ್ನು ಕೊಳ್ಳುತ್ತಿದ್ದನು. ೧೮೩೩ರ ಶಾಸನದಿಂದ ಕಂಪೆನಿಯ ವ್ಯಾಪಾರವೇ ನಿಂತುಹೋಯಿತು. ಸೇಲಂ ನೇಕಾರನ ದೊಡ್ಡ ಗಿರಾಕಿ ಹೀಗೆ ಎದ್ದುಹೋದನು. ತಾಲ್ಯೋನಿಯ ಬಿಳಿಯ ಲಂಗಕ್ಕೂ ಇದಕ್ಕೂ ಒಂದೇ ವರ್ಷದ ಅಂತರ. ಒಂದರಿಂದ ಇನ್ನೊಂದಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಕೈಮಗ್ಗದ ತೆಳುಬಟ್ಟೆಯ ಕಾಲ ಮುಗಿದು ಯಂತ್ರದ ತೆಳುಬಟ್ಟೆಯ ಕಾಲ ಬಂದುದರ ಎರಡು ಗುರುತುಗಳು ಇವು.

ತೆಳುಬಟ್ಟೆಗೆ ಒಂದು ಶಾಪವೂ ಅಂಟಿಕೊಂಡಿದ್ದಿತು. ಆಗಿನ ರಂಗಗಳಿಗೆ ಬೆಳಕು ಎಣ್ಣೆಯ ದೀಪದಿಂದ, ಆಮೇಲೆ ಅನಿಲದ ಜ್ವಾಲೆಯಿಂದ. ಪದರಪದರದ ನಡುವೆ ಗಾಳಿಯಿರುವ ಬಟ್ಟೆಗೆ ಕಿಡಿ ತಗುಲಿದರೆ ಒಂದು ಕ್ಷಣವೂ ಬೇಡ. ಲಂಡನ್ನಿನಲ್ಲಿ ೧೮೪೪ರ ಡಿಸೆಂಬರಿನಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿ ಹೀಗೆಯೇ ರಂಗದ ಮೇಲೆ ಬೆಂಕಿಗೆ ಸಿಕ್ಕಿ ಸತ್ತಳು. ಪ್ಯಾರಿಸಿನಲ್ಲಿ ಬಟ್ಟೆಯನ್ನು ರಾಸಾಯನಿಕ ದ್ರವದಲ್ಲದ್ದಿ ಬೆಂಕಿ ಹತ್ತದಂತೆ ಮಾಡುವ ಕ್ರಮವನ್ನು ಕಾರ್ತರೋನ್ ಎಂಬವನು ಕಂಡುಹಿಡಿದು, ೧೮೫೯ರಲ್ಲಿ ಅದನ್ನು ರಂಗದಲ್ಲಿ ಬಳಸಬೇಕೆಂಬ ಆಜ್ಞೆಯೂ ಹೊರಟಿತು. ಆದರೆ ಹಾಗೆ ಅದ್ದಿದ ಬಟ್ಟೆ ಮಾಸಲಾಗಿ, ಒರಟಾಗಿ ಕಾಣುತ್ತಿದ್ದಿತು. ತಾಲ್ಯೋನಿಯ ಪ್ರಿಯಶಿಷ್ಯೆ ಎಮಾ ಲೀವ್ರಿ ಅದನ್ನು ತೊಡಲೊಲ್ಲೆನೆಂದು ಬರೆದುಕೊಟ್ಟಳು. ತಾಲ್ಯೋನಿ ಈ ಶಿಷ್ಯೆಗಾಗಿಯೇ ೧೮೬೦ರಲ್ಲಿ ‘ಲೆ ಪಾಪಿಯೋನ್’, ಎಂದರೆ ‘ಪಾತರಗಿತ್ತಿ’, ಎಂಬ ಬ್ಯಾಲೆಯನ್ನು ರಚಿಸಿದ್ದಳು. ಅದರಲ್ಲಿ ನಾಯಿಕೆಯ ರೆಕ್ಕೆಗಳು ಪಂಜಿಗೆ ತಾಗಿ ಸುಟ್ಟುಹೋಗುತ್ತವೆ. ೧೮೬೨ರ ನವೆಂಬರ್ ೧೫ರಂದು ಒಂದು ಅಭ್ಯಾಸದ ವೇಳೆಯಲ್ಲಿ ಲೀವ್ರಿಯ ಲಂಗಕ್ಕೆ ಅನಿಲದೀಪ ತಗುಲಿತು. ಎಂಟು ತಿಂಗಳು ನರಳಿ, ೧೮೬೩ರ ಜುಲೈ ೨೬ರಂದು, ಇಪ್ಪತ್ತೊಂದು ತುಂಬುವ ಮೊದಲೇ ಅವಳು ತೀರಿಕೊಂಡಳು. ಸುಟ್ಟುಳಿದ ಉಡುಪಿನ ತುಣುಕುಗಳನ್ನು ಪ್ಯಾರಿಸಿನ ಆಪೆರಾದ ವಸ್ತುಸಂಗ್ರಹದಲ್ಲಿ ಇಟ್ಟಿದ್ದಾರೆ. ಉಡುಗೆಯೆಂದರೆ ಅಲಂಕಾರ ಮಾತ್ರವೆಂದು ತಿಳಿಯುವವರು ಈ ಹುಡುಗಿಯ ಕಥೆಯನ್ನು ಓದಬೇಕು.

ಮುಂದಿನದನ್ನು ಬೇಗ ಹೇಳಬಹುದು. ನರ್ತನದ ಕೇಂದ್ರ ಪ್ಯಾರಿಸಿನಿಂದ ಪೀಟರ್ಸ್‌ಬರ್ಗಿಗೆ ಸರಿಯಿತು. ೧೮೮೫ರಲ್ಲಿ ಅಲ್ಲಿಗೆ ಬಂದ ಇಟಲಿಯ ವರ್ಜೀನಿಯಾ ತ್ಸುಕ್ಕಿ ಉದ್ದ ಲಂಗದಲ್ಲಿ ಕುಣಿಯಲು ನಿರಾಕರಿಸಿ ಗಿಡ್ಡ ಮಾಡಿಸಿಕೊಂಡಳು. ೧೮೯೫ರ ‘ಹಂಸಸರೋವರ’ದಲ್ಲಿ ಪಿಯೆರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ೩೨ ಬಾರಿ ಸುತ್ತಿದಳು. ಇಂಥ ಸುತ್ತಿಗೆ ಉದ್ದ ಲಂಗ ಅಡ್ಡಿ. ಮೊಣಕಾಲು, ತೊಡೆ ಎಲ್ಲವೂ ಕಾಣಬೇಕು. ಹೀಗೆ ಗಂಟೆಯಾಕಾರದ ಲಂಗ ಮೇಲೇರುತ್ತ ಏರುತ್ತ ಕಡೆಗೆ ತಟ್ಟೆಯಾಕಾರಕ್ಕೆ ಬಂದಿತು. ತಟ್ಟೆ ಬಾಗದಿರಲೆಂದು ಒಳಗೆ ತಂತಿಯ ಬಳೆಯನ್ನು ಇಟ್ಟರು. ಎಂಟು ಮಂದಿ ಒತ್ತಿ ನಿಂತರೆ ಈ ತಟ್ಟೆಗಳು ಒಂದಕ್ಕೊಂದು ತಾಗಿ ಓಲಾಡುತ್ತವೆ. ೧೯೫೦ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ಬರಾ ಕಾರಿನ್ಸ್ಕಾ ಎಂಬ ಹೊಲಿಗೆಯ ಪ್ರವೀಣೆ ತಂತಿಯನ್ನು ತೆಗೆದುಹಾಕಿ, ಗಿಡ್ಡ ಬಲೆಯ ಪದರಗಳನ್ನು ಒಂದಕ್ಕೊಂದು ಸಡಿಲವಾಗಿ ಹೊಲಿದು, ಅವು ತಮ್ಮ ಬಲದಿಂದಲೇ ನಿಲ್ಲುವಂತೆ ಮಾಡಿದಳು. ನಮ್ಮ ಶಾಲೆಯ ಹುಡುಗಿಯರ ಲಂಗದಲ್ಲಿ ಕೆಟ್ಟದ್ದು ಇದೇ: ಬಲೆಯಿತ್ತು, ಪದರವಿರಲಿಲ್ಲ, ತಂತಿಯೂ ಇರಲಿಲ್ಲ.

ಈ ಚರಿತ್ರೆಯಲ್ಲಿ ನಮ್ಮ ದಕ್ಷಿಣದೇಶಕ್ಕೂ ಒಂದು ಪಾತ್ರವಿದೆ. ಪ್ಯಾರಿಸಿನವರಿಗೆ ದೇವದಾಸಿಯ ಕಲ್ಪನೆ ಬಹಳ ಪ್ರಿಯವಾಗಿದ್ದಿತು. ೧೮೩೦ರಲ್ಲಿಯೇ ತಾಲ್ಯೋನಿ ಒಂದು ಗೀತನಾಟಕದಲ್ಲಿ ‘ಬಯದೇರ್’, ಎಂದರೆ ದೇವದಾಸಿ, ಆಗಿ ಯೂರೋಪಿನ ತೆಳು ಲಂಗದಲ್ಲಿ ಕುಣಿದಿದ್ದಳು. ೧೮೩೮ರಲ್ಲಿ ನಿಜವಾದ ದೇವದಾಸಿಯರೇ ಅಲ್ಲಿಗೆ ಹೋದರು. ಕಡಲೂರಿನ ಹತ್ತಿರದ ತಿರುವಹೀಂದ್ರಪುರದಿಂದ ಐದು ಮಂದಿ ನರ್ತಕಿಯರನ್ನೂ ಮೂವರು ವಾದ್ಯಗಾರರನ್ನೂ ಒಬ್ಬ ಫ್ರೆಂಚ್ ವ್ಯಾಪಾರಿ ಕರೆದೊಯ್ದನು. ಅವರು ಪ್ಯಾರಿಸಿನಲ್ಲಿಯೂ ಲಂಡನ್ನಿನಲ್ಲಿಯೂ ಆಡಿ ತೋರಿಸಿದರು. ಅವರಲ್ಲಿ ಅಮ್ಮಣಿಯೆಂಬ ತರುಣಿಯನ್ನು ಕವಿ ತೆಯೋಫೀಲ್ ಗೋತ್ಯೆ ಬಹುವಾಗಿ ಮೆಚ್ಚಿ ಬರೆದನು. ಬಾರ್ ಎಂಬ ಶಿಲ್ಪಿ ಅವಳ ಕಂಚಿನ ಪ್ರತಿಮೆಯನ್ನು ಎರಕ ಹೊಯ್ದನು. ಬಿಳಿಯ ಲಂಗದ ಕಲ್ಪಿತ ದೇವದಾಸಿಯನ್ನು ಕಂಡಿದ್ದ ಜನರೆದುರಿಗೆ ಚಲ್ಲಣ, ಕುಪ್ಪಸ, ಸುತ್ತಿದ ವಸ್ತ್ರ, ಒಡವೆಗಳ ನಿಜದ ದೇವದಾಸಿ ಬಂದು ನಿಂತಳು. ಕೆಲವರು ಬೆರಗಾದರು, ಕೆಲವರು ನಿರಾಶರಾದರು. ರಂಗ ಮಾತ್ರ ಬದಲಾಗಲಿಲ್ಲ. ಮೂರು ವರ್ಷಗಳ ಮೇಲೆ ಇದೇ ಗೋತ್ಯೆ ಕಥೆ ಹೆಣೆದ ‘ಜಿಸೆಲ್’ನಲ್ಲಿ ಬಿಳಿಯ ಲಂಗವೇ ಮೆರೆಯಿತು, ೧೮೭೭ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಪೆತಿಪಾ ಆಡಿಸಿದ ‘ಲಾ ಬಯದೇರ್’ನಲ್ಲಿಯೂ ದೇವದಾಸಿಯ ಪ್ರೇತ ಬಿಳಿಯ ಲಂಗವನ್ನೇ ತೊಟ್ಟಿತು.

ಇನ್ನು ನಮ್ಮ ಸೀಮೆಯ ಮಾತು. ಸೇಲಂ ಜಿಲ್ಲೆಯಿಂದ ಧರ್ಮಪುರಿ ಜಿಲ್ಲೆ ಬೇರೆಯಾದದ್ದು ೧೯೬೫ರಲ್ಲಿ. ಅದರಿಂದ ಕೃಷ್ಣಗಿರಿ ಬೇರೆಯಾದದ್ದು ೨೦೦೪ರಲ್ಲಿ. ಕುಣಿತಕ್ಕೆ ಈ ಗಡಿಗಳು ತಿಳಿಯವು. ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಇಂದಿಗೂ ಹೊಸೂರು, ತಳಿ, ಡೆಂಕಣಿಕೋಟೆಗಳ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ದ್ರೌಪದಮ್ಮನ ಗುಡಿಯ ಮುಂದೆ ಭಾರತದ ಕಥೆಯನ್ನು ರಾತ್ರಿಯಿಡೀ ಆಡುವ ತೆರುಕ್ಕೂತ್ತು ತಮಿಳಿನದಾದರೂ, ಅದನ್ನು ನೋಡಲು ಕುಳಿತವರಲ್ಲಿ ಕನ್ನಡ ಮನೆಮಾತಿನವರೂ ಇರುತ್ತಾರೆ, ವೇಷ ಕಟ್ಟಿದವರೂ ಇದ್ದಾರೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧರು ಅಂಥವರು.

ಕೂತ್ತಿನಲ್ಲಿ ರಾಜರ, ವೀರರ ಪಾತ್ರಗಳಿಗೆ ‘ಕಟ್ಟೈ ವೇಷ’ವೆನ್ನುತ್ತಾರೆ. ಕಟ್ಟೈ ಎಂದರೆ ಮರ. ಹಗುರವಾದ ಮರದಲ್ಲಿ ಕೆತ್ತಿ, ಬಣ್ಣ ಬಳಿದು, ಕನ್ನಡಿಯ ಚೂರುಗಳನ್ನು ಕೂರಿಸಿದ ಕಿರೀಟ, ಭುಜದ ಆಭರಣ, ಎದೆಪದಕ ಇವು ಆ ವೇಷದ ಗುರುತು. ಕೋಲಾರ, ತುಮಕೂರು ಕಡೆಯ ಮೂಡಲಪಾಯದ ಕಿರೀಟ, ಭುಜಕೀರ್ತಿಗಳನ್ನು ಕಂಡವರಿಗೆ ಇವು ಹೊಸವೆನಿಸುವುದಿಲ್ಲ. ವಿದ್ವಾಂಸರು ಈ ಮರದ ಒಡವೆಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಸೊಂಟದ ಕೆಳಗಿನದನ್ನು ಅಷ್ಟು ಗಮನಿಸಿಲ್ಲವೆಂದು ನಮ್ಮ ಅನಿಸಿಕೆ. ಆದರೆ ಕಟ್ಟೈ ವೇಷದ ಮೆರುಗು ಇರುವುದು ಸುತ್ತಿನಲ್ಲಿ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಪಾತ್ರ ಹೊರಬಿದ್ದು, ಮೃದಂಗ ಮುಖವೀಣೆಗಳ ವೇಗಕ್ಕೆ ಸರಿಯಾಗಿ ಗಿರಗಿರನೆ ತಿರುಗಿದಾಗ ಪಾವಡೆ ಅರಳಿ ನಿಲ್ಲುತ್ತದೆ. ಆ ತಿರುಗುವಿಕೆಗೆ ‘ಕಿರಿಕ್ಕಿ’ ಎಂದು ಹೆಸರು. ಪಾವಡೆ ಅರಳದಿದ್ದರೆ ಕಿರಿಕ್ಕಿ ಕಿರಿಕ್ಕಿಯಲ್ಲ. ದೂರದಲ್ಲಿ ಕುಳಿತವನಿಗೆ ಅದು ಕಾಣಿಸುವುದೇ ಇಲ್ಲ.

ಆ ವೃದ್ಧರ ಮನೆಗೆ ನಾವು ಆಮೇಲೆ ಎರಡು ಬಾರಿ ಹೋದೆವು. ಕಟ್ಟುವ ಕ್ರಮವನ್ನು ಅವರು ಮೊಮ್ಮಗನ ಸೊಂಟದ ಮೇಲೆಯೇ ತೋರಿಸಿದರು. ಮೊದಲು ಚಲ್ಲಣ. ಅದರ ಮೇಲೆ ಸೊಂಟಕ್ಕೆ ಬಿಗಿಯಾಗಿ ಹಗ್ಗ. ಹಗ್ಗದ ಸುತ್ತ ಹುಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಾಡಿದ ಸಿಂಬಿ. ಸಿಂಬಿಯ ಮೇಲಿನಿಂದ ಹಳೆಯ ನೂಲುಸೀರೆಗಳನ್ನು ನೆರಿಗೆ ಹಿಡಿದು, ಒಂದರ ಮೇಲೊಂದು ಇಳಿಬಿಟ್ಟು, ಮತ್ತೊಂದು ಹಗ್ಗದಿಂದ ಬಿಗಿಯುವುದು. ಒಳಗಿನ ಸೀರೆಗಳಿಗೆ ಗಂಜಿ ಹಾಕಿರಬೇಕು. ಹೊರಗಿನದಕ್ಕೆ ಬಣ್ಣವೂ ಅಂಚೂ ಇದ್ದರೆ ಸಾಕು. “ಒಳಗಿನದು ನಿಲ್ಲಿಸುತ್ತೆ, ಹೊರಗಿನದು ತೋರಿಸುತ್ತೆ” ಎಂದರು. ಕಾರಿನ್ಸ್ಕಾಳ ಹೆಸರನ್ನು ಅವರು ಕೇಳಿರಲಾರರು. ಸಮಸ್ಯೆ ಒಂದೇ, ಬಿಡಿಸಿದ ದಾರಿಯೂ ಹತ್ತಿರದ್ದೇ. ನೂಲುಸೀರೆಯ ಗಟ್ಟಿ ನೇಯ್ಗೆಗೆ ಬಲೆಯಷ್ಟು ಬೇಗ ಬೆಂಕಿ ಹತ್ತುವುದಿಲ್ಲ. ಪಂಜಿನ ಬೆಳಕಿನಲ್ಲಿ ಆಡುತ್ತಿದ್ದ ಕಾಲದ ಬಗ್ಗೆ ಕೇಳಿದಾಗ, ಪಾವಡೆಗೆ ಕಿಡಿ ಬಿದ್ದು ತೂತಾದುದುಂಟು, ಹೊತ್ತಿಕೊಂಡದ್ದನ್ನು ತಾವು ಕಂಡಿಲ್ಲ ಎಂದರು.

ಹೀಗೆ ನಿಲ್ಲಿಸುವ ಯುಕ್ತಿ ಕೂತ್ತಿಗೆ ಮಾತ್ರ ಸೇರಿದುದಲ್ಲ. ಕೇರಳದ ಕಥಕಳಿಯಲ್ಲಿ ಗಂಜಿ ಹಾಕಿದ ಬಟ್ಟೆಯ ಪದರಗಳನ್ನು ದಾರಕ್ಕೆ ಕಟ್ಟಿ ಸೊಂಟದ ಸುತ್ತ ಸುತ್ತಿ ದೊಡ್ಡ ಬುಟ್ಟಿಯಂತೆ ನಿಲ್ಲಿಸುತ್ತಾರೆ. ಕಾಸರಗೋಡು, ದಕ್ಷಿಣ ಕನ್ನಡಗಳ ತೆಂಕುತಿಟ್ಟಿನ ಯಕ್ಷಗಾನಕ್ಕೆ ಈ ವೇಷದ ನೆಂಟಸ್ತಿಕೆಯುಂಟು. ಬಡಗುತಿಟ್ಟು ಬೇರೆ ದಾರಿ ಹಿಡಿದು, ಕೆಂಪು ಕಪ್ಪು ಹಳದಿಯ ಚೌಕುಳಿ ಸೀರೆಯನ್ನು ಕಚ್ಚೆಯಾಗಿ ಉಡಿಸುತ್ತದೆ. ಶಿವರಾಮ ಕಾರಂತರು ತಮ್ಮ ಪ್ರಯೋಗವನ್ನು ಯಕ್ಷಗಾನ ಬ್ಯಾಲೆಯೆಂದು ಕರೆದರೂ ಬ್ಯಾಲೆಯ ಹೆಸರನ್ನು ಮಾತ್ರ ತಂದರು. ಉಡುಗೆಯಲ್ಲಿ ಹಳೆಯ ಕಸೆಸೀರೆಯನ್ನೇ ಹಿಡಿದರು. ಕೀಲುಕುದುರೆಯವನು ಬಿದಿರಿನ ಚೌಕಟ್ಟಿಗೆ ಸುತ್ತಲೂ ಬಟ್ಟೆ ಇಳಿಬಿಟ್ಟು ತನ್ನ ಕಾಲನ್ನು ಮರೆಸುತ್ತಾನೆ; ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಹೆಂಗಸರು ಉಕ್ಕಿನ ಬಳೆಗಳಿಂದ ಲಂಗವನ್ನು ಅಗಲಿಸಿದಂತೆಯೇ ಇದು. ಆದ್ದರಿಂದ ನಿಲ್ಲುವ ನೆರಿಗೆ ಯೂರೋಪಿನ ಸೊತ್ತೆಂಬ ಮೊದಲನೆಯ ಅಭಿಪ್ರಾಯವನ್ನು ಕೈಬಿಡಬೇಕು. ಯಾರಿಂದ ಯಾರು ಕಲಿತರೆಂದು ಹುಡುಕುವುದೂ ವ್ಯರ್ಥ. ಸುತ್ತಿ ಕುಣಿಯುವ ಜನ ಎಲ್ಲಿದ್ದರೂ ಬಟ್ಟೆಯನ್ನು ಅರಳಿಸುವ ಉಪಾಯವನ್ನು ತಾವೇ ಕಂಡುಕೊಂಡಿದ್ದಾರೆ.

ಎರಡನೆಯ ಅಭಿಪ್ರಾಯ ಇದಕ್ಕಿಂತ ಸೂಕ್ಷ್ಮವಾದುದು. ಬೇಲೂರಿನ ಮದನಿಕೆಯರ ಸೊಂಟದಲ್ಲಿ ಬಟ್ಟೆಗಿಂತ ಒಡವೆಯೇ ಹೆಚ್ಚು. ಹೊಲಿದ ಬೀಸಣಿಗೆ ಅಲ್ಲಿ ಎಲ್ಲಿಯೂ ಇಲ್ಲ. ತಂಜಾವೂರಿನ ಕಡೆಯ ದಾಸಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಚಲ್ಲಣದ ಮೇಲೆ ಉದ್ದವಾದ ಜರಿಯ ಸೀರೆಯನ್ನು ಸುತ್ತಿ, ಸೆರಗನ್ನು ಮುಂದೆ ಮಡಿಕೆಯಾಗಿ ಇಳಿಬಿಟ್ಟು ಕುಣಿಯುತ್ತಿದ್ದುದನ್ನು ಆಗಿನ ಛಾಯಾಚಿತ್ರಗಳಲ್ಲಿ ನೋಡಬಹುದು. ಹೊಲಿಗೆಯಿಲ್ಲ, ಸುತ್ತು, ಮಡಿಕೆ, ಸಿಕ್ಕಿಸುವುದು ಅಷ್ಟೆ.

ಹೊಲಿದ ಉಡುಪು ಬಂದದ್ದು ೧೯೩೦ರ ದಶಕದಲ್ಲಿ. ಬಂದ ದಾರಿಯಲ್ಲಿ ಬ್ಯಾಲೆಯೂ ಇದೆ. ರಷ್ಯದ ಆನಾ ಪಾವ್ಲೊವಾ ೧೯೨೦ರ ದಶಕದಲ್ಲಿ ಎರಡು ಬಾರಿ ಭಾರತಕ್ಕೆ ಬಂದಳು. ಉದಯಶಂಕರರು ೧೯೨೩ರಲ್ಲಿ ಲಂಡನ್ನಿನಲ್ಲಿ ಅವಳೊಡನೆ ರಾಧಾಕೃಷ್ಣರ ನೃತ್ಯವನ್ನಾಡಿದರು. ರುಕ್ಮಿಣೀದೇವಿ ಅರುಂಡೇಲರು ಅವಳ ಸ್ನೇಹವನ್ನು ಸಂಪಾದಿಸಿ, ಅವಳ ತಂಡದ ಕ್ಲಿಯೋ ನಾರ್ಡಿಯಿಂದ ಬ್ಯಾಲೆಯನ್ನು ಕಲಿತರು. ನಿಮ್ಮ ದೇಶದ ಕಲೆಯನ್ನೇ ಹುಡುಕಿರೆಂದು ಪಾವ್ಲೊವಾ ಅವರಿಗೆ ಹೇಳಿದಳು. ಆಮೇಲೆ ಅವರು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, ೧೯೩೫ರ ಡಿಸೆಂಬರಿನಲ್ಲಿ ಅಡೆಯಾರಿನಲ್ಲಿ ಕುಣಿದರು. ಮರುವರ್ಷ ಕಲಾಕ್ಷೇತ್ರ ಸ್ಥಾಪನೆಯಾಯಿತು. ಉಡುಪನ್ನು ಅವರು ಶಿಲ್ಪಗಳನ್ನು ನೋಡಿ ಕಲ್ಪಿಸಿದರು. ಕತ್ತರಿಸಿ ಹೊಲಿಯುವುದರಲ್ಲಿ ನೆರವಾದವಳು ಇಟಲಿಯ ಮದಾಂ ಕಜಾನ್. ಹೀಗೆ ಶಿಲ್ಪದಿಂದ ಸ್ಫೂರ್ತಿ ಬಂದುದು ನಿಜ, ಶಿಲ್ಪದಿಂದ ಉಡುಪೇ ಇಳಿದು ಬಂದುದು ನಿಜವಲ್ಲ.

ಅದರ ಯುಕ್ತಿಯನ್ನು ಮೆಚ್ಚಲೇಬೇಕು. ಎರಡು ಕಾಲುಗಳಿಗೆ ಬೇರೆಬೇರೆಯಾಗಿ ಬಟ್ಟೆ. ನಡುವೆ ಅಂಚು ಕೆಳಗೆ ಬರುವಂತೆ ನೆರಿಗೆ ಹಿಡಿದ ತುಂಡನ್ನು ಎರಡು ಪಕ್ಕಕ್ಕೂ ಸೇರಿಸಿ ಹೊಲಿಗೆ. ನೆಟ್ಟಗೆ ನಿಂತಾಗ ನೆರಿಗೆ ಮುಚ್ಚಿರುತ್ತದೆ. ಅರೆಮಂಡಿಗೆ ಇಳಿದು ಮೊಣಕಾಲುಗಳು ಅಗಲಿದೊಡನೆ ಬೀಸಣಿಗೆ ಬಿಚ್ಚುತ್ತದೆ. ಟುಟು ಸುತ್ತನ್ನು ತೋರಿಸಲು ಹುಟ್ಟಿತು, ಪಾವಡೆ ಕಿರಿಕ್ಕಿಯನ್ನು ತೋರಿಸಲು, ಬೀಸಣಿಗೆ ಅರೆಮಂಡಿಯನ್ನು ತೋರಿಸಲು. ಕಾಮಾರ್ಗೋ ಲಂಗ ಎತ್ತಿದ ನ್ಯಾಯವೆಂದು ನಾವು ಮೊದಲು ಹೇಳಿದುದು ಇದನ್ನೇ.

ಆದರೆ ಈ ಉಡುಪು ಇನ್ನೊಂದು ಕೆಲಸವನ್ನೂ ಮಾಡಿತು. ಇದೇ ವರ್ಷಗಳಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡುತ್ತಿದ್ದರು. ೧೯೪೭ರಲ್ಲಿ ಮದರಾಸಿನ ಶಾಸನ ಅದನ್ನು ನಿಷೇಧಿಸಿತು. ಪದ್ಧತಿ ಹೋದುದು ನ್ಯಾಯ. ಆದರೆ ಹಳೆಯ ಸೀರೆಯೊಡನೆ ಅದನ್ನು ಉಡಬಲ್ಲವರೂ ರಂಗದಿಂದ ಸರಿದರು. ಹೊಸ ಉಡುಪು ಹೊಸ ಮನೆತನದ ಹುಡುಗಿಯರಿಗೆ ರಂಗವನ್ನು ತೆರೆಯಿತು. ಆ ಹಳೆಯ ಪರಂಪರೆಯಲ್ಲಿಯೇ ಹುಟ್ಟಿದ ಬಾಲಸರಸ್ವತಿಯವರು ಕಡೆಯವರೆಗೂ ಸೀರೆಯ ಹಳೆಯ ಕ್ರಮವನ್ನು ಬಿಡಲಿಲ್ಲ. ಮೈಸೂರಿನ ವೆಂಕಟಲಕ್ಷಮ್ಮನವರ ಅಭಿನಯವನ್ನು ಕಂಡವರು ಸೀರೆಯಲ್ಲಿಯೇ ಎಷ್ಟು ಸಾಧ್ಯವೆಂಬುದನ್ನು ಬಲ್ಲರು. ರುಕ್ಮಿಣೀದೇವಿಯವರ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಹೊಸದನ್ನು ಹೊಸದೆಂದು ಹೇಳಿ ಕಲಿಸಿದರೆ ಅದರ ಬೆಲೆ ಕಡಮೆಯಾಗುವುದಿಲ್ಲ. ಎರಡು ಸಾವಿರ ವರ್ಷ ಹಳೆಯದೆಂದು ಹೇಳಿದರೆ ಅಳಿಸಿಹೋಗುವವರು ನಿನ್ನೆ ಮೊನ್ನೆಯವರೆಗೆ ಅದನ್ನು ಹೊತ್ತು ನಡೆಸಿದ ಹೆಂಗಸರು. ಕೆಲವು ತಲೆಮಾರುಗಳ ಹಿಂದೆ ಊರಿನ ಗುಡಿಯ ಮುಂದೆ ಕುಣಿದವಳ ಹೆಸರನ್ನು ಮರೆತು, ಹೆಸರೇ ಇಲ್ಲದ ಶಿಲಾಬಾಲಿಕೆಗೆ ಕೈಮುಗಿಯುವುದು ಚರಿತ್ರೆ ಕಲಿಸುವವರಿಗೆ ತಕ್ಕುದಲ್ಲ.

ಉಡುಪನ್ನು ಹೊಲಿದವರ ಹೆಸರು ಹೀಗೆ ದೊರೆಯಿತು. ಬಟ್ಟೆಯನ್ನು ನೇಯ್ದವರ ಹೆಸರು ದೊರೆಯುವುದಿಲ್ಲ. ಸೇಲಂ ನಗರದ ಗುಗೈ, ಅಮ್ಮಾಪೇಟೆ, ಪೊನ್ನಮ್ಮಾಪೇ­ಟೆಗಳು ಮಗ್ಗದ ಕೇರಿಗಳು. ಅಲ್ಲಿ ಸೆಂಗುಂದರ್, ಸೌರಾಷ್ಟ್ರ, ದೇವಾಂಗ ಜನಗಳು ನೇಯ್ಗೆಯವರು. ದೇವಾಂಗರಲ್ಲಿ ಒಂದು ಭಾಗದವರ ಮನೆಮಾತು ಕನ್ನಡ. ಅವರ ಕುಲಕಥೆ ನಮ್ಮ ವಿಷಯಕ್ಕೆ ಬಹಳ ಸಮೀಪದ್ದು: ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನಾರನ್ನು ತಂದು ದೇವತೆಗಳಿಗೆ ಮೊದಲ ಬಟ್ಟೆಯನ್ನು ನೇಯ್ದು ಕೊಟ್ಟನು, ದಾರಿಯಲ್ಲಿ ಅಡ್ಡಗಟ್ಟಿದ ರಾಕ್ಷಸರನ್ನು ಚೌಡೇಶ್ವರಿ ಕೊಂದಾಗ ಅವರ ನೆತ್ತರಿನಿಂದ ನೂಲಿಗೆ ಐದು ಬಣ್ಣಗಳು ಬಂದುವು. ದೇವರಿಗೂ ಉಡುಗೆ ಬೇಕು, ಅದನ್ನು ನೇಯುವವನೊಬ್ಬ ಬೇಕು ಎಂಬುದು ಈ ಕಥೆಯ ತಿರುಳು. ಆ ಮನೆಗಳಲ್ಲಿ ಮಕ್ಕಳು ತಮಿಳಿನಲ್ಲಿ ಓದುತ್ತಾರೆ, ಲೆಕ್ಕಪುಸ್ತಕ ತಮಿಳಿನಲ್ಲಿ. ಆದರೆ ಮಗ್ಗದ ಮುಂದೆ ಕುಳಿತಾಗ ಹಾಸು, ಹೊಕ್ಕು, ಲಾಳಿ, ಅಂಚು, ಸೆರಗು ಎಂಬ ಕನ್ನಡ ಮಾತುಗಳು ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆ. ನೆಲದಲ್ಲಿ ಗುಂಡಿ ತೋಡಿ ಕಾಲಿಳಿಬಿಟ್ಟು ನೇಯುವ ಮಗ್ಗಕ್ಕೆ ಕುಣಿಮಗ್ಗವೆನ್ನುತ್ತೇವೆ. ಕುಣಿ ಎಂದರೆ ಗುಂಡಿ; ಕುಣಿ ಎಂದರೆ ನರ್ತಿಸು. ಶಬ್ದಗಳ ಮೂಲ ಬೇರೆಯಾಗಿರಬಹುದು. ಗುಂಡಿಯೊಳಗೆ ನೇಕಾರನ ಎರಡು ಪಾದಗಳು ಮೆಟ್ಟುಗಳ ಮೇಲೆ ಆಡುವುದನ್ನು ಕಂಡವರು ಈ ಶ್ಲೇಷವನ್ನು ಕ್ಷಮಿಸಿಯಾರು.

ಸೇಲಂನ ಬಿಳಿಯ ರೇಷ್ಮೆಪಂಚೆ, ‘ವೆಣ್ಪಟ್ಟು’, ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ಮದುವೆಯ ಮನೆಯಲ್ಲಿ ಅದನ್ನು ಎಲ್ಲರೂ ಬಲ್ಲರು. ಗಂಡು ನರ್ತಕನ ಸೊಂಟದಲ್ಲಿ ನೆರಿಗೆ ಹಿಡಿದು ಕಚ್ಚೆಯಾಗುವುದು ಇಂಥ ರೇಷ್ಮೆಪಂಚೆಯೇ. ಬೆಂಗಳೂರಿನಲ್ಲಿ ಹುಟ್ಟಿ ೧೯೩೯ರಲ್ಲಿ ಲಂಡನ್ನಿನ ರಂಗವನ್ನೇರಿದ ರಾಮ್ ಗೋಪಾಲರು ೧೯೬೦ರಲ್ಲಿ ಬ್ಯಾಲೆಯ ಪ್ರಸಿದ್ಧೆ ಅಲೀಸಿಯಾ ಮಾರ್ಕೋವಾಳೊಡನೆ ರಾಧಾಕೃಷ್ಣರ ನೃತ್ಯವಾಡಿದರು. ಇನ್ನು ರೇಷ್ಮೆಯ ಮೂಲವೂ ದೂರವಿಲ್ಲ. ಹೊಸೂರು, ಡೆಂಕಣಿಕೋಟೆಗಳ ಬಯಲಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರೆ. ಧರ್ಮಪುರಿಯಲ್ಲಿ ಗೂಡಿನ ಮಾರುಕಟ್ಟೆಯಿದೆ. ಗಟ್ಟಿ ರೇಷ್ಮೆಯಲ್ಲಿ ನೆರಿಗೆ ಮಡಿಸಿದಲ್ಲಿ ನಿಲ್ಲುತ್ತದೆ, ಬಿಟ್ಟಾಗ ಸಿಡಿದು ಬಿಚ್ಚುತ್ತದೆ. ಜರಿಯ ಅಂಚಿನ ಭಾರ ಅದನ್ನು ಕೆಳಗೆಳೆದು ನೇರ ಮಾಡುತ್ತದೆ. ಬೀಸಣಿಗೆಯ ಗುಟ್ಟು ಹೊಲಿಗೆಯಲ್ಲಿ ಅರ್ಧ, ಬಟ್ಟೆಯಲ್ಲಿ ಅರ್ಧ.

ಇಲ್ಲಿ ನೇಕಾರರ ಒಂದು ಕೊರಗನ್ನೂ ಕೇಳಿದ್ದೇವೆ. ಭರತನಾಟ್ಯದ ಉಡುಪಿಗೆ ಇಡೀ ಸೀರೆಯನ್ನು ಕತ್ತರಿಸಬೇಕು. ಅಂಚು ಒಂದು ಕಡೆಗೆ, ಸೆರಗು ಒಂದು ಕಡೆಗೆ. ಒಮ್ಮೆ ಕತ್ತರಿ ಬಿದ್ದರೆ ಅದು ಮತ್ತೆ ಸೀರೆಯಾಗುವುದಿಲ್ಲ. ಹುಡುಗಿ ಬೆಳೆದರೆ ಪೆಟ್ಟಿಗೆಗೆ ಸೇರುತ್ತದೆ. ವಾರಗಟ್ಟಲೆ ಕುಳಿತು ನೇಯ್ದವನಿಗೆ ಆ ಕತ್ತರಿಯ ಸದ್ದು ಹಿತವಲ್ಲ. ಆದರೆ ಗಿರಾಕಿಯೂ ಅವಳೇ ಎಂದು ನಗುತ್ತಾರೆ. ಕೂತ್ತಿನ ಪಾವಡೆಯಲ್ಲಿ ಈ ತೊಂದರೆಯಿಲ್ಲ. ಹಗ್ಗ ಬಿಚ್ಚಿದರೆ ಸೀರೆ ಮತ್ತೆ ಸೀರೆಯೇ.

ಮರುವರ್ಷ ಅದೇ ಪಾಠಶಾಲೆಯವರು ಹಂಸನೃತ್ಯವನ್ನು ಮತ್ತೆ ಇಟ್ಟುಕೊಂಡರು. ಈ ಬಾರಿ ಆ ತರುಣ ಉಪಾಧ್ಯಾಯರೇ ವೃದ್ಧರನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯರ ಮನೆಗಳಿಂದ ಬಿಳಿಯ ನೂಲುಸೀರೆಗಳನ್ನು ತರಿಸಿ, ಗಂಜಿ ಹಾಕಿ ಒಣಗಿಸಿ, ಸಣ್ಣ ಸಿಂಬಿಗಳನ್ನು ಸುತ್ತಿ, ಮಧ್ಯಾಹ್ನವೆಲ್ಲ ಕುಳಿತು ಒಬ್ಬೊಬ್ಬಳಿಗೂ ನೆರಿಗೆ ಕಟ್ಟಿದರು. ಕೊಂಡದ್ದು ಹಗ್ಗ ಮಾತ್ರ. ಮೊಣಕಾಲಿನ ಕೆಳಗಿನವರೆಗೆ ಇಳಿದ ಆ ಲಂಗಗಳು ಪೀಟರ್ಸ್‌ಬರ್ಗಿನ ತಟ್ಟೆಗಿಂತ ತಾಲ್ಯೋನಿಯ ಗಂಟೆಗೆ ಹತ್ತಿರವಾಗಿದ್ದುವು. ಕಡೆಯ ಸುತ್ತಿನವರೆಗೂ ನಿಂತುವು. ಆಟ ಮುಗಿದ ಮೇಲೆ ಉಪಾಧ್ಯಾಯರು ಚೀಟಿ ಹಿಡಿದು ಯಾವ ಸೀರೆ ಯಾವ ಮನೆಯದೆಂದು ಓದಿದರು. ವೃದ್ಧರು ಒಂದೊಂದನ್ನೂ ಬಿಚ್ಚಿ ಮಡಿಸಿ ತಾಯಂದಿರ ಕೈಗೆ ಕೊಟ್ಟರು.